ಗಾಳಿ ಹೇಳಿದ ಹೂಂ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಹಾಲಗುಂಟಿ ಊರಿನ ದಕ್ಷಿಣದ ತೊಗರಿ ಹೊಲದಲ್ಲಿ ಸಿಡಿಲು ಬಿತ್ತು. ಬದುವಿನ ಮೇಲಿದ್ದ ಬೇವಿನ ಮರ ನಡುವಿಗೆ ಸೀಳಿತು. ಅದರ ಬುಡಕ್ಕೆ ಕಟ್ಟಿದ್ದ ಎರಡು ಮೇಕೆಗಳು ಸತ್ತವು. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಬ್ಬಳೇ ಹಿಂದೆ ಉಳಿದು ಕಳೆ ತೆಗೆಯುತ್ತಿದ್ದ ಕಸ್ತೂರಿ ಎಂಬ ಹೆಣ್ಣುಮಗಳು ಸಾಲಿನ ಮೇಲೆ ಬಿದ್ದಳು. ಎದ್ದಾಗ ಅವಳ ಎಡಗಿವಿ ಕೇಳುತ್ತಿರಲಿಲ್ಲ.

ಕಲಬುರಗಿಯ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅವಳ ಹೆಸರಿನ ಮುಂದೆ ಹೀಗಿತ್ತು: ಎಚ್ಚರಿಕೆ ತಲುಪಿದೆ. ಉತ್ತರ: ಹೂಂ.

ಕಸ್ತೂರಿ ಹೂಂ ಅಂದಿರಲಿಲ್ಲ. ಅವಳಿಗೆ ಎಚ್ಚರಿಕೆ ಕೇಳಿಸಿಯೇ ಇರಲಿಲ್ಲ.

ಸಿಡಿಲಗಾವಲು ಎಂಬ ವ್ಯವಸ್ಥೆ ಶುರುವಾಗಿ ಅದು ಮೂರನೇ ಮಳೆಗಾಲ. ಸಿಡಿಲು ಬೀಳುವ ಮೊದಲು ಮೋಡದ ಕೆಳಗಿನ ನೆಲದ ಹತ್ತಿರ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ ಎಂಬುದು ಹಳೆಯ ವಿಜ್ಞಾನ. ಆ ಬದಲಾವಣೆಯನ್ನು ಹೊಲಹೊಲಕ್ಕೆ ಅಳೆದು, ಯಾವ ಹೊಲಕ್ಕೆ ಅಪಾಯವಿದೆ ಎಂದು ಕಾಲು ಗಂಟೆ ಮುಂಚೆ ಹೇಳುವುದು ಹೊಸದು. ಅದಕ್ಕಾಗಿ ಬಯಲಿನುದ್ದಕ್ಕೂ ಕಂಬಗಳನ್ನು ನೆಟ್ಟು, ಪ್ರತಿ ಕಂಬಕ್ಕೂ ಒಂದು ಅಳತೆಯ ಪೆಟ್ಟಿಗೆ ಮತ್ತು ಒಂದು ಸೈರನ್ ಕೂರಿಸಿದ್ದರು. ಹೊಲಗಳ ನಡುವೆ ಅಲ್ಲಲ್ಲಿ ಮಿಂಚನ್ನು ನೆಲಕ್ಕಿಳಿಸುವ ಸರಳು ಹೊತ್ತ ಸಿಮೆಂಟಿನ ಕೋಣೆಗಳನ್ನು ಕಟ್ಟಿದ್ದರು. ಕೆಲಸಕ್ಕೆ ಹೋಗುವವರ ಕೊರಳಿಗೆ ಒಂದೊಂದು ಬಿಲ್ಲೆ. ಅಪಾಯ ಹತ್ತಿರ ಬಂದರೆ ಬಿಲ್ಲೆ ಮಾತಾಡುತ್ತದೆ: "ಸಿಡಿಲು ಬರ್ಲಾಕತ್ತದ. ಹೊಲ ಬಿಡ್ರಿ. ಗಿಡದ ತೆಳಗ ನಿಲ್ಲಬ್ಯಾಡ್ರಿ. ಕೇಳಿಸ್ತೇನ್ರಿ?" ಹಾಕಿಕೊಂಡವರು ಹೂಂ ಅನ್ನಬೇಕು. ಉತ್ತರ ಬರದಿದ್ದರೆ ಪಕ್ಕದವರ ಬಿಲ್ಲೆಗೆ ಕರೆ ಹೋಗುತ್ತದೆ. ಅಲ್ಲಿಂದಲೂ ಉತ್ತರವಿಲ್ಲದಿದ್ದರೆ ಕಂಬದ ಸೈರನ್ ಕೂಗುತ್ತದೆ.

ಮೊದಲ ಎರಡು ಮಳೆಗಾಲದಲ್ಲಿ ಗಾವಲಿನ ಸೀಮೆಯಲ್ಲಿ ಸಿಡಿಲಿಗೆ ಯಾರೂ ಸತ್ತಿರಲಿಲ್ಲ. ಜನ ಅದಕ್ಕೆ ಒಗ್ಗಿಕೊಂಡಿದ್ದರು. ಬಿಲ್ಲೆ ಮಾತಾಡುವವರೆಗೆ ತಲೆ ಎತ್ತಿ ಆಕಾಶ ನೋಡುವ ರೂಢಿಯೇ ಕಡಿಮೆಯಾಗಿತ್ತು.

*

ಮಹಾನಂದಾ ಹೊಸಮನಿ ಆ ಬೇಸಿಗೆಯಲ್ಲಿ ಗಾವಲಿನ ಕೆಲಸಕ್ಕೆ ಸೇರಿದವಳು. ಅವಳ ಕೆಲಸ ಕೋಡ್ ಬರೆಯುವುದಲ್ಲ, ಬೇರೆಯವರು ಬರೆದದ್ದನ್ನು ಓದುವುದು. ಎಲ್ಲವೂ ಸರಿ ನಡೆದರೆ ಯಂತ್ರ ಏನು ಮಾಡುತ್ತದೆ ಎಂಬುದನ್ನು ಬರೆದವರೇ ನೋಡಿಕೊಂಡಿರುತ್ತಾರೆ. ಸರಿ ನಡೆಯದಿದ್ದರೆ ಏನು ಮಾಡುತ್ತದೆ ಎಂಬುದನ್ನು ಅವಳು ನೋಡಬೇಕು.

ಸಿಡಿಲು ಬಿದ್ದ ಮರುದಿನ ಅವಳು ಎಚ್ಚರಿಕೆ ಕಳಿಸುವ ಭಾಗವನ್ನು ಮೊದಲ ಸಾಲಿನಿಂದ ಓದಲು ಕುಳಿತಳು. ಮಧ್ಯಾಹ್ನದ ಊಟದ ಹೊತ್ತಿಗೆ ತಪ್ಪು ಇದ್ದ ಜಾಗ ಸಿಕ್ಕಿತು. ಮೂರೇ ಸಾಲು. ಅವನ್ನು ಎರಡನೇ ಸಲ ಓದಿ, ಕೊಠಡಿಯ ಮುಖ್ಯಸ್ಥ ವಿಶ್ವಾರಾಧ್ಯ ಅವರನ್ನೂ ಆ ಭಾಗ ಬರೆದ ರೇವಣಸಿದ್ದನನ್ನೂ ತನ್ನ ಮೇಜಿನ ಹತ್ತಿರ ಕರೆದಳು.

ವಿಶ್ವಾರಾಧ್ಯ ಹವಾಮಾನ ವಿಜ್ಞಾನಿ. "ನಾ ಮೋಡ ಓದಂವ. ನಿಮ್ಮ ಕೋಡ್ ನನಗ ಓದಲಾಕ ಬರಂಗಿಲ್ಲ," ಎಂದರು. "ತಿಳಿಯಂಗ ಹೇಳ್ರಿ. ಆಕಿ ಹೂಂ ಅಂದಿಲ್ಲಂದ್ರ ಹೂಂ ಎಲ್ಲಿಂದ ಬಂತು?"

"ಸರ, ನೀವು ಗಿರಣಿಗಿ ಜ್ವಾಳ ಒಯ್ತೀರಿಲ್ಲ?" ಎಂದಳು ಮಹಾನಂದಾ.

"ನಾ ಒಯ್ಯಂಗಿಲ್ಲ. ನಮ್ಮ ಮನಿಯವ್ರು ಒಯ್ತಾರ."

"ಅವ್ರು ಬೀಸಾತನ ಗಿರಣಿ ಮುಂದೇ ನಿಲ್ತಾರೇನ್ರಿ? ಡಬ್ಬಿ ಇಟ್ಟು ಬಜಾರಕ್ಕ ಹೋಗಿ ಬರ್ತಾರ. ನಮ್ಮ ಯಂತ್ರನೂ ಹಂಗೇ. ಒಂದೇ ಸಲಕ್ಕ ಸಾವಿರಾರು ಬಿಲ್ಲಿಗಿ ಕರೆ ಕಳಸ್ತದ. ಒಬ್ಬೊಬ್ಬರ ಉತ್ತರಕ್ಕ ಕಾದು ನಿಂತ್ರ ಅಷ್ಟರಾಗ ಸಿಡಿಲು ಬಿದ್ದು ಹೋಗಿರ್ತದ. ಅದಕ್ಕ ಕಳಿಸಿ ಮುಂದ ಹೋಗ್ತದ. ಉತ್ತರ ಬಂದಾಗ ಬರ್ಲಿ ಅಂತ ಒಂದೊಂದು ಕರೆಗೂ ಒಂದೊಂದು ಡಬ್ಬಿ ಇಟ್ಟಿರ್ತದ."

"ಹಂ. ಮುಂದ?"

"ಕರೆಂಟ್ ಹೋಯ್ತಂದ್ರ ಗಿರಣಿಯಂವ ಏನ್ ಅನ್ನಬೇಕ್ರಿ? ಬೀಸಿಲ್ಲ, ಕರೆಂಟ್ ಇಲ್ಲ ಅನ್ನಬೇಕು. ನಮ್ಮ ಗಿರಣಿಯಂವ ಹಂಗ ಅನ್ನಂಗಿಲ್ಲ. ಬೀಸಲಾರದ ಡಬ್ಬಿಗಿ ಮುಚ್ಚಳ ಹಾಕಿ, ಆಗ್ಯಾದ, ಒಯ್ರಿ ಅಂತಾನ."

"ಆ ಗಿರಣಿಯಂವ ನಾನೇ," ಎಂದ ರೇವಣಸಿದ್ದ.

ಅವನು ಪರದೆಯ ಮೇಲಿನ ಸಾಲುಗಳನ್ನೇ ನೋಡುತ್ತಿದ್ದ. ಪ್ರತಿ ಕರೆಗೆ ಮೂರು ಗತಿಗಳಿದ್ದವು. ಉತ್ತರ ಬರಬಹುದು. ಉತ್ತರವೇ ಬರದೆ ಸಮಯ ಮೀರಬಹುದು. ಮೂರನೆಯದು, ಏನೋ ಸದ್ದು ಬಂದು, ಅದು ಯಾವ ಮಾತು ಎಂದು ಯಂತ್ರಕ್ಕೆ ತಿಳಿಯದೆ ದೋಷ ಎದುರಾಗಬಹುದು. ಮೊದಲನೆಯದಕ್ಕೆ ಕಡತ ಮುಚ್ಚುತ್ತದೆ. ಎರಡನೆಯದಕ್ಕೆ ಪಕ್ಕದವರಿಗೆ ಕರೆ ಹೋಗುತ್ತದೆ. ಮೂರನೆಯದಕ್ಕೆ ರೇವಣಸಿದ್ದ ಬರೆದಿದ್ದ ಆದೇಶ: ಹೂಂ ಎಂದು ತಿಳಿ.

"ಯಾಕ ಹಂಗ ಬರದ್ಯೋ ಮಾರಾಯ?" ಎಂದರು ವಿಶ್ವಾರಾಧ್ಯ.

"ಮೊದಲನೇ ವರ್ಷ ಹಂಗ ಇರ್ಲಿಲ್ರಿ ಸರ. ತಿಳೀಲಾರದ್ದೆಲ್ಲಾ ಸೈರನ್‌ಗಿ ಕಳಸ್ತಿದ್ದೆ. ಮೋಡ ಬಂದಾಗ ಗಾಳಿ ಇರ್ತದ, ಗಾಳ್ಯಾಗ ಅರ್ಧಕ್ಕರ್ಧ ಹೂಂ ತಿಳೀತಿರ್ಲಿಲ್ಲ. ದಿನಾ ಸೈರನ್. ಒಂದೂರಾಗ ಸೈರನ್ ಬಾಯಿಗಿ ಗೋಣಿಚೀಲ ತುರುಕಿದ್ರು. ಇನ್ನೊಂದೂರಾಗ ಕಂಬಾನೇ ಬಗ್ಗಿಸಿದ್ರು. ನಾವು ಆವಾಗ ತಿಳೀಲಾರದ ಸದ್ದೆಲ್ಲಾ ತಗದು ಕಿವಿಲೆ ಕೇಳಿದ್ವಿ. ಭಾಳ ಮಟ್ಟಿಗಿ ಅವೆಲ್ಲಾ ಖರೇನೇ ಹೂಂ ಇದ್ವು."

"ಭಾಳ ಮಟ್ಟಿಗಿ," ಎಂದಳು ಮಹಾನಂದಾ.

ರೇವಣಸಿದ್ದ ಆ ದಿನದ ಸದ್ದಿನ ಕಡತ ತೆರೆದ.

ಕಸ್ತೂರಿಯ ಬಿಲ್ಲೆಯಿಂದ ಬಂದಿದ್ದ ಸದ್ದನ್ನು ಮೂವರೂ ಕೇಳಿದರು. ಮೂಗಿನಿಂದ ಬಂದಂತಿದ್ದ, ಒಂದೇ ಎಳೆಯ ಸಣ್ಣ ಗುಂಯ್‌ಗುಡುವಿಕೆ. ಅದರಲ್ಲಿ ಮನುಷ್ಯರ ದನಿ ಇರಲಿಲ್ಲ. ಸೆರಗಿನೊಳಗೆ ಸಿಕ್ಕಿದ್ದ ಬಿಲ್ಲೆಯ ಮೇಲೆ ಗಾಳಿ ಬೀಸಿದ ಸದ್ದು ಅದು. ಸೆರಗಿನೊಳಗೆ ಇದ್ದುದರಿಂದಲೇ ಬಿಲ್ಲೆಯ ಮಾತು ಅವಳಿಗೆ ಕೇಳಿಸಿರಲಿಲ್ಲ.

*

ಮಾರನೇ ದಿನ ಮಹಾನಂದಾ ಮತ್ತು ರೇವಣಸಿದ್ದ ಹಾಲಗುಂಟಿಗೆ ಹೋದರು. ಕಳೆ ತೆಗೆಯುವ ಹನ್ನೊಂದು ಹೆಂಗಸರ ಗುಂಪಿಗೆ ಕಸ್ತೂರಿಯ ಅಕ್ಕ ಜಗದೇವಿ ಮುಖ್ಯಸ್ಥೆ. ಯಾರ ಹೊಲಕ್ಕೆ ಯಾವ ದಿನ ಹೋಗಬೇಕು, ಯಾರು ಯಾವ ಸಾಲು ಹಿಡಿಯಬೇಕು ಎಂದು ಹೇಳುವವಳು ಅವಳೇ. ಸಮುದಾಯ ಭವನದ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಕಸ್ತೂರಿ, ಬಲಗಿವಿಯನ್ನು ಮಾತಿನ ಕಡೆಗೆ ತಿರುಗಿಸಿಕೊಂಡು ಕುಳಿತಿದ್ದಳು. ಹನ್ನೊಂದು ಬಿಲ್ಲೆಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅವರ ಮುಂದೆ ಇದ್ದವು.

"ತಗೊಂಡು ಹೋಗ್ರಿ," ಎಂದಳು ಜಗದೇವಿ.

ಮಹಾನಂದಾ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಯಂತ್ರಕ್ಕೆ ತಿಳಿಯದ ಸದ್ದನ್ನು ಹೂಂ ಎಂದು ಎಣಿಸಲಾಗುತ್ತಿತ್ತು, ಅದು ತಪ್ಪು, ಅದನ್ನು ತಿದ್ದುತ್ತೇವೆ ಎಂದಳು.

"ಅಂದ್ರ ಗಾಳಿ ಹೂಂ ಅಂತು, ನೀವು ನಮ್ಮ ಕಸ್ತೂರಿ ಅಂದಾಳಂತ ಬರಕೊಂಡ್ರಿ."

"ಹೌದ್ರಿ ಅಕ್ಕಾ."

"ಕಸ್ತೂರಿ, ಕೇಳಿದೇನಬೇ? ನಿನ್ನ ಬದ್ಲಿ ಗಾಳಿ ಮಾತಾಡ್ಯಾದಂತ."

"ನನ್ನ ಗಂಡಗ ಹೇಳು," ಎಂದಳು ಕಸ್ತೂರಿ. "ಆ ಗಾಳಿಗೇ ರೊಟ್ಟಿ ಬಡಿ ಅಂತ ಹೇಳ್ಲಿ."

ಕಟ್ಟೆಯ ಮೇಲಿದ್ದ ಹೆಂಗಸರು ನಕ್ಕರು. ಜಗದೇವಿ ನಗಲಿಲ್ಲ. "ಮೊದ್ಲ ನಾವು ಮೋಡ ನೋಡ್ತಿದ್ವಿ. ಪಡುವಲದಾಗ ಕರ್ರಗ ಆಯ್ತಂದ್ರ ಕುರ್ಪಿ ಕೆಳಗಿಟ್ಟು ಓಡ್ತಿದ್ವಿ. ಕೂಲಿ ಮುರದ್ರೂ ಓಡ್ತಿದ್ವಿ. ಬಿಲ್ಲಿ ಬಂದ ಮ್ಯಾಲ ಯಾರೂ ಮ್ಯಾಲ ನೋಡ್ವಲ್ರು. ಬಿಲ್ಲಿ ಹೇಳ್ತದ ಬಿಡ್ರಿ ಅಂತಾರ. ಇದು ಇದ್ದೂ ಹೇಳಲಿಲ್ಲಂದ್ರ, ಇಲ್ಲದಕಿಂತ ಕೆಟ್ಟ ಆಯ್ತಿಲ್ಲೇನು?"

ಗುಡುಗು ಸಿಡಿಲಿನ ಹುಬ್ಬಿ ಮಳೆ ಇನ್ನೂ ಬರುವುದಿತ್ತು. ಬಿಲ್ಲೆಯನ್ನು ಬಿಟ್ಟ ಜನ ಆಕಾಶ ನೋಡುವುದನ್ನು ಒಂದು ವಾರದಲ್ಲಿ ಮತ್ತೆ ಕಲಿಯುತ್ತಾರೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಈ ಹನ್ನೊಂದು ಜನರಲ್ಲಿ ಮುಂದಿನ ಸಿಡಿಲಿಗೆ ಯಾರಾದರೂ ಸಿಕ್ಕರೆ ಆ ಜೀವ ಹೋಗುವುದು ಆ ಮೂರು ಸಾಲಿನಿಂದಲೇ.

"ತಿದ್ದಿ ತರ್ತೀವ್ರಿ. ಆವಾಗಾದ್ರೂ ಹಾಕ್ಕೋತೀರೇನು?"

"ತಿದ್ದಿದ ಮ್ಯಾಲ ಬರ್ರಿ, ನೋಡಾಣು," ಎಂದಳು ಜಗದೇವಿ. ರೇವಣಸಿದ್ದನ ಕಡೆ ನೋಡಿ, "ಈ ತಮ್ಮ ಯಾರು? ಬಾಯಾಗ ನಾಲಿಗಿ ಇಲ್ಲೇನು?" ಎಂದು ಕೇಳಿದಳು.

"ಅದನ್ನ ಬರದಂವ ನಾನೇರಿ," ಎಂದ ಅವನು.

ಜಗದೇವಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಕೈಯಾಗ ಒಂದು ಗುಳ್ಳಿ ಇಲ್ಲ," ಎಂದಳು.

*

ಮೂರು ಸಾಲನ್ನು ತಿದ್ದಲು ಮೂರು ನಿಮಿಷ ಸಾಕು. ರೇವಣಸಿದ್ದ ತಿದ್ದಿದ: ದೋಷ ಬಂದರೆ ಪಕ್ಕದವರಿಗೆ, ಆಮೇಲೆ ಸೈರನ್. ಹಿಂದಿನ ತಿಂಗಳು ಬಂದಿದ್ದ ಸದ್ದುಗಳನ್ನೆಲ್ಲ ಹೊಸ ಕೋಡಿನ ಮೂಲಕ ಮತ್ತೆ ಹಾಯಿಸಿ ನೋಡಿದರು. ಪರದೆಯ ಮೇಲಿನ ನಕ್ಷೆಯಲ್ಲಿ ಸೈರನ್ ಕೂಗಿದ ಊರು ಕೆಂಪಾಗುತ್ತದೆ. ಗಾಳಿ ಜೋರಾಗಿದ್ದ ದಿನ ಇಡೀ ಸೀಮೆ ಕೆಂಪಾಯಿತು.

"ಮತ್ತ ಗೋಣಿಚೀಲ," ಎಂದ ರೇವಣಸಿದ್ದ.

ಮಹಾನಂದಾ ಉಳಿದ ಭಾಗವನ್ನೂ ಓದಿದಳು. ಯಂತ್ರ ಉತ್ತರಕ್ಕೆ ಕಾಯುವ ಪ್ರತಿ ಜಾಗದಲ್ಲಿ ಅವಳು ಅದೇ ಪ್ರಶ್ನೆ ಕೇಳುತ್ತಿದ್ದಳು: ಇದು ಮುರಿದರೆ ಯಾರಿಗೆ ತಿಳಿಯುತ್ತದೆ? ಇನ್ನೆರಡು ಕಡೆ ಉತ್ತರ 'ಯಾರಿಗೂ ತಿಳಿಯದು' ಎಂದು ಬಂತು. ಆದರೆ ಅವು ಸಣ್ಣವು, ಬ್ಯಾಟರಿಗೆ ಸಂಬಂಧಿಸಿದವು. ದೊಡ್ಡ ತೊಡಕು ಅಲ್ಲೇ ಉಳಿದಿತ್ತು. ದೋಷವನ್ನು ನುಂಗಿದರೆ ಒಬ್ಬರು ಸಾಯಬಹುದು. ನುಂಗದಿದ್ದರೆ ಊರೂರೇ ಬಿಲ್ಲೆ ಕಿತ್ತೆಸೆಯುತ್ತದೆ.

ವಿಶ್ವಾರಾಧ್ಯ ಇನ್ನೊಂದು ಮಾತು ಹೇಳಿದರು. "ಮಳಿಗಾಲದಾಗ ಚಾಲೂ ಇರೋ ಕೋಡ್ ಮುಟ್ಟಬಾರದು ಅಂತ ನಿಯಮ ಅದ. ಆ ನಿಯಮ ನಾನೇ ಮಾಡೀನಿ. ಮುರೀಬೇಕಂದ್ರ ನನಗ ಗಟ್ಟಿ ಕಾರಣ ಬೇಕು. ಅರ್ಧ ತಿದ್ದುಪಡಿ ತರಬ್ಯಾಡ್ರಿ."

*

ಮಹಾನಂದಾಳ ಮನೆ ಸೇಡಂ ರಸ್ತೆಯ ಕಡೆ. ಅಂದು ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಕಾಶಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ತವರಿನ ಕಡೆಯ ಒಂದು ನಿಶ್ಚಿತಾರ್ಥದ ಸುದ್ದಿ ಹೇಳುತ್ತಿದ್ದರು. ಕೇಳುತ್ತಿದ್ದವನು ಅವರ ಮಗ, ಮಹಾನಂದಾಳ ಗಂಡ ಅಣವೀರ. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಕ್ರಿಕೆಟ್ ನೋಡುತ್ತಿದ್ದ.

"ಹುಡುಗನ ಕಡಿಯವ್ರು ಹೇಳಿದ ಹೊತ್ತಿಗಿ ಬರ್ಲಿಲ್ಲ."

"ಹೂಂ."

"ಹೂರಣ ಆರಿ ತಣ್ಣಗ ಆಯ್ತು."

"ಹೂಂ."

ಕಾಶಮ್ಮ ಮಗನ ಕಡೆ ಒಮ್ಮೆ ನೋಡಿದರು. ಸೊಸೆಯ ಕಡೆ ನೋಡಿ ಕಣ್ಣು ಸಣ್ಣಗೆ ಮಾಡಿದರು. ದನಿ ಬದಲಿಸದೆ ಮುಂದುವರಿಸಿದರು.

"ಕಡೀಗಿ ಆನಿ ಮ್ಯಾಲ ಕುಂತು ಬಂದ್ರು."

"ಹೂಂ."

"ಆನಿ ಅಡಗಿ ಮನ್ಯಾಗ ಬಂದು ಮಣಿ ಮ್ಯಾಲ ಕುಂತು ಎರಡು ಕಪ್ ಚಹಾ ಕುಡೀತು."

"ಹೂಂ."

"ಸಕ್ಕರಿ ಕಮ್ಮಿ ಆಗ್ಯಾದ ಅಂತು."

"ಹೂಂ."

ಮಹಾನಂದಾ ಬಾಯಿಗೆ ಸೆರಗು ಹಿಡಿದಳು. ಕಾಶಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, "ಅಣವೀರ, ನಾ ಈಗ ಯಾರ ಸುದ್ದಿ ಹೇಳ್ಲಾಕತ್ತಿದ್ದೆ?" ಎಂದರು.

"ಆಂ?" ಎಂದ ಅಣವೀರ ತಲೆ ಎತ್ತಿ.

"ಇವರಪ್ಪನೂ ಹಿಂಗೇ," ಎಂದರು ಕಾಶಮ್ಮ. "ಮೂವತ್ತು ವರ್ಷ ನಾ ಗ್ವಾಡಿ ಜೋಡಿನೇ ಮಾತಾಡೀನಿ. ಗ್ವಾಡಿಗೂ ಹೂಂ ಅನ್ನಾಕ ಬರ್ತದ. ಕೇಳ್ಯಾನೋ ಇಲ್ಲೋ ತಿಳೀಬೇಕಂದ್ರ ಏನರ ಕೇಳಬೇಕು. ಬಾಯಿ ತಗದು ಹೇಳೋದು ಕೇಳಬೇಕು."

ಅಣವೀರ ನಕ್ಕ. ಮಹಾನಂದಾಳೂ ನಕ್ಕಳು. ಕೈತೊಳೆಯಲು ಎದ್ದವಳು ನಲ್ಲಿಯ ಹತ್ತಿರ ನಿಂತಳು. ಬಾಯಿ ಮುಚ್ಚಿಕೊಂಡು ಒಮ್ಮೆ ಹೂಂ ಅಂದಳು. ಬಾಯಿ ತೆರೆದು 'ಮನ್ಯಾಗ' ಅಂದಳು. ಮತ್ತೆ ಹೂಂ ಅಂದಳು.

"ಯಾರ ಜೋಡಿ ಮಾತಾಡ್ಲಾಕತ್ತಿ?" ಎಂದ ಅಣವೀರ.

"ನೀ ಕ್ರಿಕೆಟ್ ನೋಡು," ಎಂದಳು ಅವಳು.

*

ಅವಳು ಮರುದಿನ ಬೆಳಿಗ್ಗೆ ಕೊಠಡಿಯಲ್ಲಿ ಹೇಳಿದ ವಿಷಯ ಧ್ವನಿವಿಜ್ಞಾನದಲ್ಲಿ ಹೊಸದಲ್ಲ. ಹೂಂ ಎನ್ನುವಾಗ ತುಟಿ ಮುಚ್ಚಿರುತ್ತದೆ. ಸದ್ದು ಮೂಗಿನಿಂದ ಬರುತ್ತದೆ, ಅದರ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ಮೈಕಿನ ಮೇಲೆ ಬೀಸುವ ಗಾಳಿಯ ಸದ್ದೂ ಅಲ್ಲೇ ಇರುತ್ತದೆ. ಆದ್ದರಿಂದ ಗಾಳಿಯಲ್ಲಿ ಹೂಂ ಹುಡುಕುವುದು ಕಷ್ಟ, ಹೂಂ ಇಲ್ಲದ ಕಡೆ ಹೂಂ ಇದೆಯೆಂದು ತಿಳಿಯುವುದು ಸುಲಭ. 'ಮನ್ಯಾಗ', 'ದಾರ್ಯಾಗ', 'ಹೊಲದಾಗ' ಎಂಬ ಮಾತುಗಳು ಹಾಗಲ್ಲ. ಅವುಗಳಲ್ಲಿ ಬಾಯಿ ತೆರೆದು ಮುಚ್ಚುತ್ತದೆ. ಗಾಳಿಗೆ ಅದು ಬರುವುದಿಲ್ಲ.

"ನಾವು ಕೇಳಿಸ್ತೇನ್ರಿ ಅಂತ ಕೇಳ್ತೀವಿ," ಎಂದಳು. "ನಮ್ಮ ಮಂದಿ ಅದಕ್ಕ ಹೂಂ ಅಂತಾರ. ಹೂಂ ಅಂದ್ರ ಕೇಳೀನಿ ಅಂತ ಅಲ್ಲ, ಹೊಲ ಬಿಟ್ಟೀನಿ ಅಂತನೂ ಅಲ್ಲ. ನಿನ್ನ ಮಾತು ನಡೀಲಿ ಅಂತ ಅಷ್ಟೇ. ಇನ್ನ ಮ್ಯಾಲ ಎಲ್ಲಿದ್ದೀರಿ ಅಂತ ಕೇಳಾಣು. ಹೊಲದಾಗ ಅಂದ್ರ ಮತ್ತ ಹೇಳಾಣು. ಸಿಮೆಂಟಿನ ಕ್ವಾಣ್ಯಾಗ ಅನ್ನಾತನ ಕಡತ ಮುಚ್ಚಬಾರದು."

"ದೋಷ ಬಂದ್ರ?" ಎಂದ ರೇವಣಸಿದ್ದ.

"ಒಂದ್ಸಲ ಮತ್ತ ಕೇಳು. ಆಮ್ಯಾಲ ಪಕ್ಕದಾಕಿಗಿ ಹೆಸರು ಹಿಡದು ಕೇಳು, ಇಂಥಾಕಿ ಎಲ್ಲಿದ್ದಾಳ ಅಂತ. ಅದೂ ಆಗಲಿಲ್ಲಂದ್ರ ಸೈರನ್. ದೋಷ ದೋಷ ಅಂತನೇ ಮ್ಯಾಲ ಬರಬೇಕು. ನಡುವ ಯಾರೂ ಅದನ್ನ ಹೂಂ ಮಾಡಬಾರದು."

ಊರುಗಳಿಂದ ಜನರ ದನಿಗಳನ್ನು ಮುದ್ರಿಸಿ ತರಿಸಿ, ಫ್ಯಾನಿನ ಮುಂದಿಟ್ಟ ಬಿಲ್ಲೆಗೆ ಕೇಳಿಸಿ ಪರೀಕ್ಷೆ ಮಾಡಿದರು. ತಿಳಿಯದ ಉತ್ತರಗಳು ತೀರ ಕಡಿಮೆಯಾದವು. ನಕ್ಷೆಯಲ್ಲಿ ಕೆಂಪು ಅಲ್ಲೊಂದು ಇಲ್ಲೊಂದು ಉಳಿಯಿತು. ವಿಶ್ವಾರಾಧ್ಯ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಒಂದೂರಿಗಿ ಮಾತ್ರ ಹಚ್ಚಾಣು," ಎಂದರು. "ಹಾಲಗುಂಟಿ. ಅವ್ರು ಹಾಕ್ಕೋತಾರಂದ್ರ."

ಹಾಲಗುಂಟಿಯಲ್ಲಿ ಜಗದೇವಿ ಎಲ್ಲವನ್ನೂ ಕೇಳಿಸಿಕೊಂಡಳು. ಹೊಸ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಇದನ್ನು ಸೆರಗಿನ ಹೊರಗೆ ಹಾಕಿಕೊಳ್ಳಬೇಕು ಎಂದು ಮಹಾನಂದಾ ತೋರಿಸಿಕೊಟ್ಟಳು.

"ಹಾಕ್ಕೋತೀವಿ," ಎಂದಳು ಜಗದೇವಿ. "ಒಂದು ಮಾತು. ಇದನ್ನ ಬರದ ತಮ್ಮ ಮಳಿ ಬರಾತನ ನಮ್ಮ ಜೋಡಿ ಹೊಲದಾಗ ಇರಬೇಕು. ಅವನ ಕೊರಳಿಗೂ ಒಂದು ಬಿಲ್ಲಿ."

ಮಹಾನಂದಾ ಬಾಯಿ ತೆರೆಯುವ ಮುಂಚೆಯೇ ರೇವಣಸಿದ್ದ, "ಇರ್ತೀನ್ರಿ," ಎಂದ.

*

ಅವನು ಹಿಡಿದ ಸಾಲು ಎಲ್ಲರದಕ್ಕಿಂತ ಹಿಂದೆ ಉಳಿಯಿತು. ಮೊದಲ ದಿನ ಕಳೆಯ ಜೊತೆ ತೊಗರಿಯನ್ನೂ ಕಿತ್ತ. ಎರಡನೇ ದಿನ ಅಂಗೈಯಲ್ಲಿ ಗುಳ್ಳೆ ಎದ್ದವು.

"ಈಗ ಕೈ ಕೈಯಂಗ ಆದ್ವು," ಎಂದಳು ಜಗದೇವಿ.

"ಕಂಪೂಟರ್‌ನ್ಯಾಗ ಕಸ ತಗಿಯಂವಗ ಹೊಲದಾಗ ಕಸ ಯಾವ್ದು ಬೆಳಿ ಯಾವ್ದು ತಿಳೀವಲ್ದು," ಎಂದಳು ಕಸ್ತೂರಿ.

"ತಿಳೀಲಾರದ್ದಕ್ಕೆಲ್ಲಾ ಹೂಂ ಅಂತಾನಲ್ಲ, ಅದಕ್ಕೇ," ಎಂದಳು ಚಂದಮ್ಮ ಎಂಬ ಇನ್ನೊಬ್ಬಳು. ಗುಂಪಿನಲ್ಲಿ ಎಲ್ಲರಿಗಿಂತ ಬಾಯಿ ಜೋರು ಅವಳದು. ರೇವಣಸಿದ್ದ ತಲೆ ಬಗ್ಗಿಸಿಕೊಂಡೇ ನಕ್ಕ.

ಹುಬ್ಬಿ ಮಳೆಯ ಮೊದಲ ಮೋಡ ಆ ವಾರದ ಕೊನೆಯಲ್ಲಿ ಬಂತು. ಮಧ್ಯಾಹ್ನ ಪಡುವಣ ದಿಕ್ಕಿನಲ್ಲಿ ಕಪ್ಪು ಎದ್ದಿತು. ಕೊಠಡಿಯಲ್ಲಿ ವಿಶ್ವಾರಾಧ್ಯ ಅದನ್ನು ಪರದೆಯ ಮೇಲೆ ನೋಡಿದರು. ಹಾಲಗುಂಟಿಯ ದಕ್ಷಿಣದ ಕಂಬಗಳಲ್ಲಿ ಅಂಕಿಗಳು ಏರತೊಡಗಿದವು. ಮಹಾನಂದಾ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಅವಳ ಮುಂದೆ ಹನ್ನೆರಡು ಹೆಸರುಗಳಿದ್ದವು, ಪ್ರತಿಯೊಂದರ ಮುಂದೆ ಖಾಲಿ ಜಾಗ.

ಯಂತ್ರ ಹನ್ನೆರಡೂ ಕರೆಗಳನ್ನು ಒಟ್ಟಿಗೆ ಕಳಿಸಿತು. "ಸಿಡಿಲು ಬರ್ಲಾಕತ್ತದ. ಕ್ವಾಣಿಗಿ ಹೋಗ್ರಿ. ಈಗ ನೀವು ಎಲ್ಲಿದ್ದೀರಿ?"

ಉತ್ತರಗಳು ಬಂದ ಹಾಗೆ ತುಂಬಿಕೊಂಡವು. ಹೊಲದಾಗ. ಹೊಲದಾಗ. ಹೊಲದಾಗೇ ಅದೀವಿ. ರೇವಣಸಿದ್ದ, ಹೊಲದಾಗ. ಎಲ್ಲ ಹೆಸರುಗಳೂ ಹಳದಿಯಾದವು. ಕಡತ ಯಾವುದೂ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಬಿಲ್ಲೆಗಳು ಮತ್ತೆ ಕೇಳಿದವು. ದಾರ್ಯಾಗ. ದಾರ್ಯಾಗ. ಚಂದಮ್ಮನ ಮುಂದೆ ದೋಷ ಎಂದು ಬಂತು.

ಮಹಾನಂದಾ ಆ ಸದ್ದನ್ನು ಒತ್ತಿ ಕೇಳಿದಳು. "ಎಲ್ಲಿರ್ತೀನಿ, ನಿನ್ನ ತಲಿ ಮ್ಯಾಲ," ಎಂದಿತ್ತು ಚಂದಮ್ಮನ ದನಿ, ಏದುಸಿರಿನ ನಡುವೆ. ಯಂತ್ರಕ್ಕೆ ಆ ಜಾಗ ಗೊತ್ತಿರಲಿಲ್ಲ. ಅದು ಹೂಂ ಎಂದು ತಿಳಿಯಲಿಲ್ಲ, ಇನ್ನೊಮ್ಮೆ ಕೇಳಿತು. "ದಾರ್ಯಾಗ ಓಡ್ಲಾಕತ್ತೀನಿ, ಬಿಡು," ಎಂದು ಉತ್ತರ ಬಂತು. ವಿಶ್ವಾರಾಧ್ಯ ಪಕ್ಕದಲ್ಲಿ ನಿಂತು ನಗುತ್ತಿದ್ದರು.

ಆಮೇಲೆ ಅವರು ನಗುವುದನ್ನು ನಿಲ್ಲಿಸಿದರು. ಕಸ್ತೂರಿಯ ಮುಂದೆ ದೋಷ ಎಂದಿತ್ತು. ಯಂತ್ರ ಮತ್ತೊಮ್ಮೆ ಕೇಳಿತು. ಮತ್ತೆ ದೋಷ. ಮಹಾನಂದಾ ಸದ್ದನ್ನು ಒತ್ತಿದಳು. ಒಂದೇ ಎಳೆಯ ಗಾಳಿ.

ಯಂತ್ರ ಜಗದೇವಿಯ ಬಿಲ್ಲೆಗೆ ಕರೆ ಹೊರಡಿಸಿತು: "ಕಸ್ತೂರಿ ಉತ್ತರ ಕೊಡವಲ್ಲಳು. ಕಸ್ತೂರಿ ಎಲ್ಲಿದ್ದಾಳ?"

ಹೊಲದ ದಾರಿಯಲ್ಲಿ ಜಗದೇವಿ ಓಡುತ್ತಲೇ, "ನನ್ನ ಹಿಂದೇ ಅದಾಳ," ಎಂದಳು. ತಿರುಗಿ ನೋಡಿದಳು. ಹಿಂದೆ ರೇವಣಸಿದ್ದ ಇದ್ದ. ಅವನ ಹಿಂದೆ ಯಾರೂ ಇರಲಿಲ್ಲ.

"ಇಲ್ಲ," ಎಂದಳು. "ಇಲ್ಲಿಲ್ಲ ಆಕಿ."

'ಇಲ್ಲ' ಎಂಬ ಮಾತಿಗೆ ಮುಂದಿನ ಹೆಜ್ಜೆ ಕಾಯುವುದಲ್ಲ, ಸೈರನ್ ಎಂದು ಮಹಾನಂದಾ ಕೋಡ್ ಓದುವಾಗ ಅಂಚಿನಲ್ಲಿ ಬರೆದಿದ್ದಳು, ರೇವಣಸಿದ್ದ ಹಾಗೆಯೇ ತಿದ್ದಿದ್ದ. ಕಂಬದ ಸೈರನ್ ಕೂಗಿತು.

ಮೊದಲ ಕರೆಗೆ ಹೊಲದಾಗ ಎಂದಿದ್ದ ಕಸ್ತೂರಿ, ನೀರಿನ ಕೊಡ ಎತ್ತಿಕೊಳ್ಳಲು ಹೊಲದ ಆಚೆ ತುದಿಗೆ ಹೋಗಿ ಬಗ್ಗಿದ್ದಳು. ಅವಸರದ ನಡಿಗೆಯಲ್ಲಿ ಬಿಲ್ಲೆ ತಿರುಗಿ ಎಡ ಹೆಗಲ ಹಿಂದೆ ಹೋಗಿತ್ತು, ಮಾತಾಡಿದ್ದು ಅವಳ ಎಡಗಿವಿಯ ಹತ್ತಿರ. ಸೈರನ್ ಬಲಗಿವಿಗೆ ಕೇಳಿಸಿತು. ಆದರೆ ಒಂದೇ ಕಿವಿಗೆ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ಅವಳು ನೆಟ್ಟಗೆ ನಿಂತು ಸುತ್ತ ನೋಡಿದಳು. ದೂರದಲ್ಲಿ ಅಕ್ಕ ಸೆರಗು ಬೀಸುತ್ತ ತನ್ನ ಕಡೆಗೇ ಓಡಿ ಬರುವುದು ಕಂಡಿತು. ಕೊಡವನ್ನು ಅಲ್ಲೇ ಬಿಟ್ಟು ಓಡಿದಳು.

"ನೀ ಒಳಗ ನಡಿ," ಎಂದು ಜಗದೇವಿ ರೇವಣಸಿದ್ದನಿಗೆ ಕೂಗಿ ಹೇಳಿದ್ದಳು. ಅವನು ಹೋಗಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು, ಬಿಲ್ಲೆ ಕೇಳಿದಾಗಲೆಲ್ಲ "ಬಾಗಲಾಗ ಅದೀನಿ" ಎನ್ನುತ್ತಿದ್ದ. ಬಾಗಲು ಎಂಬುದು ಸುರಕ್ಷಿತ ಜಾಗಗಳ ಪಟ್ಟಿಯಲ್ಲಿರಲಿಲ್ಲ. ಯಂತ್ರ ಅವನನ್ನು ಬಿಡದೆ ಕೇಳುತ್ತಿತ್ತು.

ಕೊಠಡಿಯಲ್ಲಿ ಒಂದೊಂದೇ ಹೆಸರು ಹಸಿರಾಯಿತು. ಕ್ವಾಣ್ಯಾಗ. ಕ್ವಾಣ್ಯಾಗ. ಚಂದಮ್ಮ, ಕ್ವಾಣ್ಯಾಗ. ಒಂಬತ್ತು ಹೆಸರು ಹಸಿರು, ಮೂರು ಹಳದಿ. ಮಹಾನಂದಾ ಏನನ್ನೂ ಮುಟ್ಟಲಿಲ್ಲ. ಮುಟ್ಟಲು ಏನೂ ಇರಲಿಲ್ಲ. ಆಮೇಲೆ ಜಗದೇವಿ ಹಸಿರಾದಳು. ಹಿಂದೆಯೇ ರೇವಣಸಿದ್ದ.

"ಕಸ್ತೂರಿ, ನೀವು ಎಲ್ಲಿದ್ದೀರಿ?" ಎಂದು ಯಂತ್ರ ಕೇಳಿತು.

"ಒಳಗದೀನಿ," ಎಂದು ಉತ್ತರ ಬಂತು. ಏದುಸಿರಿತ್ತು, ಮಾತು ಸ್ಪಷ್ಟವಾಗಿತ್ತು. "ಕ್ವಾಣ್ಯಾಗ. ಅಕ್ಕನ ಜೋಡಿ."

ಸಿಡಿಲು ನೀರಿನ ಕೊಡವಿದ್ದ ಬದುವಿನ ಮೇಲೆ ಬಿತ್ತು. ಕೋಣೆಯ ಗೋಡೆಗಳು ಅದುರಿದವು. ಮಳೆ ಅದರ ಹಿಂದೆಯೇ ಬಂದು ಒಂದು ಗಂಟೆ ಸುರಿಯಿತು.

ಮಳೆ ನಿಂತಾಗ ಕರಿನೆಲ ಕಾಲಿಗೆ ಅಂಟುತ್ತಿತ್ತು. ಆ ದಿನ ಕಳೆ ತೆಗೆಯುವ ಕೆಲಸ ಮುಂದುವರಿಯಲಿಲ್ಲ. ಹನ್ನೆರಡು ಜನರೂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಡೆದು ಊರಿಗೆ ಹೋದರು.